ಕಂಬಳಿಯ ಹಿಂದಿನ ಚೆಂಡು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ನಿಮ್ಮ ಎದುರು ಕೂತಾಗ ನನಗೆ ಎಲ್ಲವೂ ತಿಳಿಯುತ್ತದೆ. ಎದ್ದು ಹೊರಗೆ ಹೋದರೆ ಒಂದೂ ಉಳಿಯುವುದಿಲ್ಲ. ನಿನ್ನೆ ಪಕ್ಕದ ಊರಿನ ಸಭೆಯಲ್ಲಿ ಒಬ್ಬ ಮುದುಕ ಸಣ್ಣ ಪ್ರಶ್ನೆಯೊಂದನ್ನು ಕೇಳಿದ. ನೀವು ನೂರು ಸಲ ಹೇಳಿಕೊಟ್ಟದ್ದೇ ಅದು. ನನ್ನ ಬಾಯಿ ಕಟ್ಟಿಹೋಯಿತು. ಜನ ನಕ್ಕರು. ಇದು ನನ್ನ ನೆನಪಿನ ದೋಷವೋ, ಧೈರ್ಯದ ದೋಷವೋ?”

ಗುರುಗಳಿಗೆ ವಯಸ್ಸಾಗಿತ್ತು. ಪಾಠ ಹೇಳುವಾಗ ಶಾಲನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಮಾತು ಮುಗಿದಾಗ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಆಗ ಶಿಷ್ಯರು ತಲೆಯಾಡಿಸಿ ಕೈ ಮುಗಿಯುವರು. ಅದು ಆ ಮನೆಯ ರೂಢಿ. ಈ ಶಿಷ್ಯ ಹದಿನಾಲ್ಕು ವರ್ಷ ಹಾಗೆ ತಲೆಯಾಡಿಸಿದ್ದ.

ಶಾಲು ಈಗ ತೊಡೆಯ ಮೇಲಿತ್ತು.

“ಒಂದು ಕತೆ ಇದೆ, ಕೇಳು” ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ಆಟದ ಮಾಸ್ತರಿದ್ದರು. ಹೆಣ್ಣುಮಕ್ಕಳಿಗೆ ಹಾಕಿ ಆಟ ಕಲಿಸುವುದು ಅವರ ಕೆಲಸ. ಅದರಲ್ಲೂ ಗೋಲು ಕಾಯುವುದನ್ನು ಕಲಿಸುವುದು. ಗೋಲು ಕಾಯುವವಳಿಗೆ ದೊಡ್ಡ ಓಟ ಬೇಕಿಲ್ಲ. ಕಣ್ಣು ಕಂಡದ್ದನ್ನು ಕೈ ಆ ಕ್ಷಣದಲ್ಲೇ ಮಾಡಬೇಕು. ಕಣ್ಣಿಗೂ ಕೈಗೂ ನಡುವೆ ಯೋಚನೆ ಬಂದು ಕೂತರೆ ಚೆಂಡು ಒಳಗೆ ಹೋಯಿತೆಂದೇ ಲೆಕ್ಕ. ಮಾಸ್ತರು ಇದೊಂದನ್ನೇ ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದರು.

ಅವರ ಹತ್ತಿರ ದೊಡ್ಡ ಸಲಕರಣೆ ಇರಲಿಲ್ಲ. ಹತ್ತಿ ಗೋದಾಮಿನ ಹಿಂದೆ ಒಂದು ಬಯಲು. ಅಲ್ಲಿ ಎರಡು ಗೂಟ, ಗೂಟಗಳ ನಡುವೆ ಹಗ್ಗ, ಹಗ್ಗದ ಮೇಲೆ ಒಂದು ಕರಿ ಕಂಬಳಿ. ಮೇಲಿನ ಜುಂಗು ಸವೆದುಹೋದ ಮೂರು ಟೆನಿಸ್ ಚೆಂಡು. ಒಂದು ಬಿದಿರು ಕೋಲು, ಅದರ ಮೇಲೆ ಬೆರಳಗಲಕ್ಕೊಂದು ಗೀರು.

ಕೋಲು ಅಳೆಯುವುದಕ್ಕೆ. ಮಾಸ್ತರು ಕಟ್ಟೆಯ ಮೇಲೆ ಕೂತು ಕೋಲಿನ ತುದಿ ಹಿಡಿದು ತೂಗುಬಿಡುವರು. ಹುಡುಗಿ ಅದರ ಕೆಳತುದಿಯ ಅಕ್ಕಪಕ್ಕ ಎರಡು ಬೆರಳು ಅಗಲಿಸಿ ಕಾಯಬೇಕು, ಮುಟ್ಟಬಾರದು. ಅವರು ಬಿಟ್ಟ ಕೂಡಲೇ ಹಿಡಿಯಬೇಕು. ಎಷ್ಟನೆಯ ಗೀರಿಗೆ ಹಿಡಿದಳೋ ಅಷ್ಟು ಅವಳ ಕೈ ನಿಧಾನ.

ಕಂಬಳಿ ಕಲಿಸುವುದಕ್ಕೆ. ಮಾಸ್ತರು ಅದರ ಹಿಂದೆ ನಿಂತು ಚೆಂಡು ಒಗೆಯುವರು. ಅದು ಹುಡುಗಿಯ ಬಲಕ್ಕಿರುವ ಅಂಚಿನಿಂದ ಬಂದೀತು, ಎಡ ಅಂಚಿನಿಂದ ಬಂದೀತು, ಇಲ್ಲವೇ ಕೆಳಗಿನಿಂದ ನೆಲ ಸವರಿಕೊಂಡು ಬಂದೀತು. ನಾಲ್ಕು ಮಾರು ದೂರದಲ್ಲಿ ನಿಂತವಳು ಹಿಡಿಯಬೇಕು. ಕಂಬಳಿ ಏಕೆ ಎಂದು ಯಾರಾದರೂ ಕೇಳಿದರೆ ಮಾಸ್ತರು ಹೇಳುತ್ತಿದ್ದರು: “ಒಗಿಯಾವನ ಭುಜ ನೋಡಿ ಹಿಡಿಯೂದು ಕಳ್ಳ ವಿದ್ಯಾ. ಚೆಂಡು ನೋಡಿ ಹಿಡೀಬೇಕು. ಅದಕ್ಕ ನಾ ಎಲ್ಲಾ ಮುಚ್ಚೀನಿ.”

ಎಳೆಯ ವಯಸ್ಸಿನಲ್ಲಿ ಮಾಸ್ತರೂ ಗೋಲು ಕಾದವರೇ. ಒಮ್ಮೆ ಚೆಂಡು ಎಡ ಮೊಣಕಾಲಿಗೆ ಬಡಿದು ಚಿಪ್ಪು ಸರಿದಿತ್ತು. ಮತ್ತೆ ಸರಿಯಾಗಿ ಕೂಡಲಿಲ್ಲ. ಆ ಕಾಲಿನ ಮೇಲೆ ಭಾರ ಬಿಟ್ಟರೆ ಲಟಕ್ಕೆನ್ನುತ್ತಿತ್ತು. ಗೋದಾಮಿನ ಕಾವಲುಗಾರ ಹುಸೇನಸಾಬ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಅವನು ತಮಾಷೆ ಮಾಡುತ್ತಿದ್ದ:

“ಮಾಸ್ತರ, ಆ ಮೊಣಕಾಲಿಗೆ ಒಂಚೂರು ಎಣ್ಣಿ ಬಿಡ್ರಿ. ಮುಂಜಾನೆದ್ದು ಅದರ ಸಪ್ಪಳಕ್ಕ ನನ್ನ ನಿದ್ದಿ ಹಾರತೈತಿ.”

“ಕಾವಲುಗಾರಗ ಎಚ್ಚರಾದ್ರ ಚಲೋನ ಆತಲ್ಲೋ” ಎಂದು ಮಾಸ್ತರು ನಗುತ್ತಿದ್ದರು. ಅವರ ಕಿವಿಗೆ ಆ ಸಪ್ಪಳ ಬೀಳುವುದು ಯಾವತ್ತೋ ನಿಂತುಹೋಗಿತ್ತು.

ಇಪ್ಪತ್ತು ವರ್ಷದಲ್ಲಿ ಹನ್ನೊಂದು ಹುಡುಗಿಯರು ಆ ಕಂಬಳಿಯ ಮುಂದೆ ನಿಂತು ಕಲಿತು ಹೊರಗಿನ ಪಂದ್ಯಗಳಿಗೆ ಹೋಗಿದ್ದರು. ಊರಲ್ಲಿ ಅವರ ಕೈಯಿಂದ ಚೆಂಡು ತಪ್ಪುತ್ತಿರಲಿಲ್ಲ. ಹೊರಗೆ ಹೋದವರು ಹನ್ನೊಂದು ಜನವೂ ಸೋತು ಬಂದರು. ಒಬ್ಬೊಬ್ಬಳು ಮರಳಿದಾಗಲೂ ಮಾಸ್ತರು ಅವಳ ಅಂಗೈ ಬಿಡಿಸಿ ನೋಡಿ ಒಂದೇ ಮಾತು ಹೇಳಿದ್ದರು: “ಕೈ ಐತಿ. ಗುಂಡಿಗಿ ಇಲ್ಲ.” ಸಿಟ್ಟಿನಿಂದ ಹೇಳಿದ್ದಲ್ಲ. ವೈದ್ಯ ರೋಗದ ಹೆಸರು ಹೇಳುವ ಹಾಗೆ ಹೇಳುತ್ತಿದ್ದರು. ಹುಡುಗಿಯರು ನಂಬಿದರು. ಅವರಲ್ಲಿ ಒಬ್ಬಳು ಈಗ ಬಸ್ ನಿಲ್ದಾಣದ ಎದುರು ಹೂ ಮಾರುತ್ತಿದ್ದಳು. ಮಾಸ್ತರನ್ನು ಕಂಡರೆ ಎದ್ದು ನಿಲ್ಲುತ್ತಿದ್ದಳು, ಮುಖ ಮಾತ್ರ ಎತ್ತುತ್ತಿರಲಿಲ್ಲ. ನಿನ್ನ ಮಗಳನ್ನು ಬಯಲಿಗೆ ಕಳಿಸು ಎಂದು ಒಮ್ಮೆ ಮಾಸ್ತರೇ ಕೇಳಿದ್ದರು.

“ಬ್ಯಾಡ್ರಿ ಸರ” ಎಂದಿದ್ದಳು. “ನನ್ನ ಹೊಟ್ಟ್ಯಾಗ ಹುಟ್ಟಿದ್ದು. ಅದಕ್ಕೆಲ್ಲಿಂದ ಗುಂಡಿಗಿ ಬರಬೇಕ್ರಿ.”

ಹನ್ನೆರಡನೆಯವಳು ದ್ಯಾಮವ್ವ. ತಂದೆ ಇಲ್ಲ. ತಾಯಿ ಅದೇ ಗೋದಾಮಿನಲ್ಲಿ ಹತ್ತಿ ಆರಿಸುವವಳು. ದ್ಯಾಮವ್ವ ಹದಿಮೂರನೆಯ ವಯಸ್ಸಿಗೆ ಬಂದವಳು ಐದು ವರ್ಷ ಒಂದು ಬೆಳಗೂ ತಪ್ಪಿಸಲಿಲ್ಲ. ಮಳೆ ಬಂದರೆ ತಲೆಗೆ ಗೋಣಿಚೀಲ ಹಾಕಿಕೊಂಡು ಬಂದಳು. ಜ್ವರ ಬಂದರೆ ಸುಳ್ಳು ಹೇಳಿ ಬಂದಳು.

ಮೊದಲ ದಿನ ಕೋಲಿನಲ್ಲಿ ಅವಳು ಎಂಟನೆಯ ಗೀರಿಗೆ ಹಿಡಿದಳು. ಎಲ್ಲರೂ ಅಷ್ಟಕ್ಕೇ ಹಿಡಿಯುತ್ತಾರೆ. ಎರಡು ವರ್ಷವಾದ ಮೇಲೂ ಎಂಟನೆಯ ಗೀರೇ. ಆದರೆ ಕಂಬಳಿಯ ಮುಂದೆ ಅವಳ ಕೈ ಬೇರೆಯೇ ಆಗಿತ್ತು. ನಲವತ್ತು ಚೆಂಡು ಒಗೆದರೆ ನಲವತ್ತೂ ಹಿಡಿಯುತ್ತಿದ್ದಳು. ಚೆಂಡು ಅಂಚು ದಾಟುವ ಮೊದಲೇ ಅವಳ ಕೈ ಅಲ್ಲಿಗೆ ಹೊರಟಿರುತ್ತಿತ್ತು. ಮಾಸ್ತರು ಕಂಬಳಿಯ ಅಂಚಿನಿಂದ ಇಣುಕಿ ನೋಡಿ ಬೆರಗಾದರು. ಕೋಲು ಒಂದು ಹೇಳುತ್ತದೆ, ಕಂಬಳಿ ಒಂದು ಹೇಳುತ್ತದೆ. ಎರಡರಲ್ಲಿ ಒಂದು ಸುಳ್ಳಿರಬೇಕು. ಮಾಸ್ತರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಕೋಲನ್ನು ತಮ್ಮ ಮನೆಯ ತೊಲೆಗೆ ಸಿಕ್ಕಿಸಿಬಿಟ್ಟರು.

“ಕೋಲು ಆಟ ಅಲ್ಲ” ಎಂದರು. “ಆಟದಾಗ ಯಾರೂ ಕೋಲು ಬಿಡೂದಿಲ್ಲ.”

ಅಲ್ಲಿಂದ ಮುಂದೆ ಆ ಕೋಲನ್ನು ಯಾರೂ ಇಳಿಸಲಿಲ್ಲ.

ಅವಳಿಗೆ ಹದಿನೆಂಟು ತುಂಬಿದಾಗ ದೊಡ್ಡ ತಂಡದ ಆಯ್ಕೆ ಬಂತು. ಅವರವರ ಮಾಸ್ತರೇ ಅವರವರ ಹುಡುಗಿಗೆ ಚೆಂಡು ಒಗೆದು ತೋರಿಸುವುದು ಅಲ್ಲಿಯ ಪದ್ಧತಿ. ಮಾಸ್ತರು ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋದರು. ಆರಿಸುವವರಲ್ಲಿ ಒಬ್ಬ ನಕ್ಕ: “ಏನ್ರೀ, ನಾಟಕದ ಪರದೆ ತಂದೀರಿ?” ಕಂಬಳಿ ಕಟ್ಟಿ ಚೆಂಡು ಒಗೆಯಲು ಶುರುಮಾಡಿದ ಮೇಲೆ ಅವನು ನಗಲಿಲ್ಲ. ಬಯಲಿಗೆ ಬಯಲೇ ಉಸಿರು ಹಿಡಿದು ನೋಡಿತು. ಒಂದು ಚೆಂಡೂ ನೆಲಕ್ಕೆ ಬೀಳಲಿಲ್ಲ. ದ್ಯಾಮವ್ವನ ಹೆಸರು ಪಟ್ಟಿಯ ಮೊದಲಿಗೆ ಬಂತು.

ಆ ತಂಡದ ಪಂದ್ಯಗಳು ಮುಗಿಯುವವರೆಗೆ ಅದರಲ್ಲಿ ಉಳಿದರೆ ಆಟದ ಹಾಸ್ಟೆಲಿನಲ್ಲಿ ಜಾಗ. ಊಟ, ಓದು, ಮುಂದೆ ಒಂದು ನೌಕರಿ. ಉಳಿಯದಿದ್ದರೆ ಏನೆಂದು ಅವಳ ತಾಯಿ ಬಂದು ಹೇಳಿದಳು:

“ಸರ, ನನ್ನ ತಮ್ಮ ಆಕಿನ್ನ ತಾನ ಮದಿವಿ ಆಗ್ತೀನಿ, ಸೋದರಿಕಿ ಬಿಡೂದಿಲ್ಲ ಅಂತ ಪಟ್ಟು ಹಿಡಿದು ಕುಂತಾನ್ರಿ. ಆಕಿಗಿಂತ ಹದಿನಾರು ವರ್ಷ ದೊಡ್ಡಾವ. ಆಕಿ ಮುಂದ ಬರ್ತಾಳಂತ ಸರ ಅಂದಾರ ಅಂತ ಹೇಳಿ ಐದು ವರ್ಷ ಅವನ ಬಾಯಿ ಮುಚ್ಚಿಸೀನಿ. ಈಗ ಆಕಿ ಬಿದ್ದಳಂದ್ರ ಮನ್ಯಾಗ ನನ್ನ ಮಾತು ನಡ್ಯೂದಿಲ್ಲ.”

“ಬೀಳೂದಿಲ್ಲವ್ವ” ಎಂದರು ಮಾಸ್ತರು. “ಅಕಿ ಕೈ ನನಗ ಗೊತ್ತೈತಿ.”

ಪಂದ್ಯದ ದಿನ ಮೈದಾನದ ಸುತ್ತ ಜನವೋ ಜನ. ಸೀಟಿ, ಹಲಗೆಯ ಬಡಿತ, ಕೂಗು. ಪಕ್ಕದಲ್ಲಿ ಕೂತವನ ಮಾತು ಪಕ್ಕದಲ್ಲಿ ಕೂತವನಿಗೆ ಕೇಳುತ್ತಿರಲಿಲ್ಲ. ದ್ಯಾಮವ್ವ ನಡುಗದೆ ನಿಂತಿದ್ದಳು. ಮೊದಲ ಚೆಂಡು ಬಂತು. ಅವಳು ಅಲುಗಿದ್ದು ಅದು ಬಲೆಗೆ ಬಿದ್ದ ಮೇಲೆ. ಎರಡನೆಯದೂ ಹಾಗೆಯೇ ಆಯಿತು. ಮೂರನೆಯದಕ್ಕೆ ಜನ ಅವಳನ್ನು ನೋಡಿ ನಗತೊಡಗಿದರು. ಗೆರೆಯ ಬದಿಯಲ್ಲಿ ಕೂತಿದ್ದ ಮಾಸ್ತರು ಒಂದು ವಿಚಿತ್ರ ಕಂಡರು. ಚೆಂಡು ಹತ್ತಿರ ಬಂದಾಗಲೆಲ್ಲ ದ್ಯಾಮವ್ವ ಮುಖವನ್ನು ಸ್ವಲ್ಪ ಓರೆ ಮಾಡುತ್ತಿದ್ದಳು. ಮುಚ್ಚಿದ ಬಾಗಿಲಿನ ಆಚೆ ಯಾರೋ ಏನೋ ಹೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ಎನ್ನುವ ಹಾಗೆ. ಮಾಸ್ತರು ಅದನ್ನು ಹೆದರಿಕೆ ಎಂದುಕೊಂಡರು. ಐದನೆಯ ಗೋಲು ಅವಳ ಕಾಲುಗಳ ನಡುವೆಯೇ ಹೋಯಿತು. ಅರ್ಧ ಆಟಕ್ಕೆ ಅವಳನ್ನು ಹೊರಗೆ ಕರೆದು ಬೇರೆ ಹುಡುಗಿಯನ್ನು ನಿಲ್ಲಿಸಿದರು. ಸಂಜೆ ತಂಡದ ಪಟ್ಟಿಯಿಂದ ಅವಳ ಹೆಸರು ಹೋಯಿತು.

ಇಬ್ಬರೂ ಬಸ್ಸಿನಲ್ಲಿ ಊರಿಗೆ ಮರಳಿದರು. ಹನ್ನೊಂದು ಸಲ ಆಡಿದ ಮಾತು ಮಾಸ್ತರ ನಾಲಗೆಯ ಮೇಲೆ ಬಂದು ನಿಂತಿತ್ತು. ಆದರೆ ಐದು ವರ್ಷದಲ್ಲಿ ಈ ಹುಡುಗಿ ಯಾವುದಕ್ಕಾದರೂ ಹೆದರಿದ್ದನ್ನು ಅವರು ಕಂಡಿರಲಿಲ್ಲ. ಆ ಮಾತು ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ತರು ಎಂದಿನಂತೆ ಕಂಬಳಿ ಕಟ್ಟಿದರು. ದ್ಯಾಮವ್ವ ಎಂದಿನಂತೆ ಬಂದು ನಿಂತಳು. ಇಪ್ಪತ್ತು ಚೆಂಡು ಒಗೆದರು, ಇಪ್ಪತ್ತೂ ಹಿಡಿದಳು. ಅಷ್ಟರಲ್ಲಿ ಹತ್ತಿ ಲಾರಿಯೊಂದು ಬಂದು ಗೋದಾಮಿನ ಬಾಗಿಲಲ್ಲಿ ನಿಂತಿತು. ಡ್ರೈವರ್ ಎಂಜಿನ್ ನಿಲ್ಲಿಸದೆ ಇಳಿದು ಹೋದ. ಆ ಗದ್ದಲದಲ್ಲಿ ಮಾಸ್ತರು ಆರು ಚೆಂಡು ಒಗೆದರು. ಆರೂ ಬಿಟ್ಟಳು. ಒಂದು ಅವಳ ಹಣೆಗೇ ಬಡಿಯಿತು. ಲಾರಿ ಹೋಯಿತು. ಮತ್ತೆ ಒಗೆದರು. ಮತ್ತೆ ಎಲ್ಲವನ್ನೂ ಹಿಡಿದಳು.

“ಇಲ್ಲಿ ಹಿಡೀತಿ. ಗದ್ದಲಾದ್ರ ಯಾಕ ಬಿಡ್ತೀ?” ಎಂದು ಮಾಸ್ತರು ಕೂಗಿದರು.

“ಗೊತ್ತಿಲ್ರಿ ಸರ” ಎಂದಳು ದ್ಯಾಮವ್ವ. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.

ಅವಳನ್ನು ಮನೆಗೆ ಕಳಿಸಿ ಮಾಸ್ತರು ಕಾವಲುಗಾರನ ಪಕ್ಕದ ಕಲ್ಲಿನ ಮೇಲೆ ಕೂತರು. “ಹುಸೇನಾ, ಈ ಹುಡುಗಿಗೆ ಏನಾಗೇತೋ?”

“ಏನಾಗಿಲ್ರಿ. ಲಾರಿ ಸಪ್ಪಳದಾಗ ಕೇಳಿಸಿಲ್ಲ, ಅಷ್ಟ.”

“ಏನು ಕೇಳಿಸಿಲ್ಲ?”

“ನಿಮ್ಮ ಕಾಲು.”

ಮಾಸ್ತರಿಗೆ ಅರ್ಥವಾಗಲಿಲ್ಲ. ಹುಸೇನಸಾಬ ಸ್ಟೂಲನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತ. “ಹೋಗಿ ಒಗೀರಿ” ಎಂದ. ಮಾಸ್ತರು ಕಂಬಳಿಯ ಹಿಂದೆ ಹೋದರು. ಬಯಲಿನಲ್ಲಿ ಹಿಡಿಯುವವರು ಯಾರೂ ಇರಲಿಲ್ಲ. ಅವರು ಒಗೆಯುವ ಮೊದಲೇ ಹುಸೇನಸಾಬ ಗೋಡೆ ನೋಡಿಕೊಂಡು ಹೇಳತೊಡಗಿದ: “ಬಲಕ್ಕ. ಎಡಕ್ಕ. ಎಡಕ್ಕ. ಕೆಳಗ. ಬಲಕ್ಕ.” ಹತ್ತಕ್ಕೆ ಹತ್ತೂ ಸರಿ.

“ಬಲಕ್ಕ ಒಗಿಯೂ ಮುಂದ ಮೊಣಕಾಲು ಲಟಕ್ ಅಂತೈತಿ. ಎಡಕ್ಕಂದ್ರ ಚಪ್ಪಲಿ ಎಳೀತೀರಿ. ಕೆಳಗಂದ್ರ ಬಗ್ಗುವಾಗ ಉಸ್ ಅಂತೀರಿ. ಇಪ್ಪತ್ತು ವರ್ಷ ಕೇಳೀನಿ. ಇದರಾಗೇನೈತ್ರಿ?”

“ಮತ್ತ ನನಗ ಯಾಕ ಹೇಳಲಿಲ್ಲೋ?”

ಹುಸೇನಸಾಬ ತಿರುಗಿ ಅವರ ಮುಖ ನೋಡಿದ. “ನಿಮ್ಮ ಕಾಲು, ಮಾಸ್ತರ. ನಿಮಗ ಗೊತ್ತಿಲ್ಲಂತ ನನಗೇನು ಗೊತ್ತು?”

ಮಾಸ್ತರು ಕಂಬಳಿಯ ಹಿಂದೆಯೇ ನಿಂತಿದ್ದರು. ಅಲ್ಲಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ. ಈಚೆಯವರಿಗೆ ಅವರು ಕಾಣಬಾರದೆಂದು ಕಟ್ಟಿದ ಕಂಬಳಿ ಅದು. ಚೆಂಡನ್ನು ನೋಡು ಎಂದು ಇಪ್ಪತ್ತು ವರ್ಷ ಬಾಯಿಂದ ಹೇಳಿದ್ದರು. ನನ್ನ ಸಪ್ಪಳ ಕೇಳು ಎಂದು ಇಪ್ಪತ್ತು ವರ್ಷ ಕಾಲಿನಿಂದ ಕಲಿಸಿದ್ದರು. ಹುಡುಗಿಯರು ಕಾಲಿನ ಪಾಠವನ್ನು ಕಲಿತರು. ಕಲಿತದ್ದು ಅವರಿಗೂ ತಿಳಿಯಲಿಲ್ಲ. ಅವರ ಕೈಗೆ ಮಾತ್ರ ತಿಳಿದಿತ್ತು.

ಮನೆಗೆ ಹೋಗಿ ತೊಲೆಯಿಂದ ಕೋಲನ್ನು ಎಳೆದರು. ಅದಕ್ಕೆ ಜೇಡ ಬಲೆ ಕಟ್ಟಿತ್ತು. ಕೂತು ಬಿಡುತ್ತಿದ್ದ ಕೋಲು ಅದು, ಕಾಲಿಗೆ ಕೆಲಸವಿರಲಿಲ್ಲ. ಎಂಟನೆಯ ಗೀರು ಎಂದು ಅದು ನಿಜವನ್ನೇ ಹೇಳಿತ್ತು. ಅವರೇ ಅದರ ಬಾಯಿ ಮುಚ್ಚಿಸಿದ್ದರು.

ಮೊದಲಿನಿಂದ ಶುರುಮಾಡಿದರೆ? ಮಾಸ್ತರು ಅದನ್ನೂ ಯೋಚಿಸಿದರು. ಮೊದಲು ಐದು ವರ್ಷದ ಕಿವಿಯನ್ನು ಮರೆಸಬೇಕು. ಆಮೇಲೆ ಕಣ್ಣನ್ನು ಎಬ್ಬಿಸಬೇಕು. ಅಷ್ಟು ದಿನ ಹಾಸ್ಟೆಲು ಕಾಯುವುದಿಲ್ಲ, ಸೋದರಮಾವನೂ ಕಾಯುವುದಿಲ್ಲ.

ಮಧ್ಯಾಹ್ನ ಅವರ ಕಾಲು ಬಸ್ ನಿಲ್ದಾಣದ ಕಡೆ ಹೊರಟಿತು. ಹೂ ಮಾರುವವಳು ಅವರನ್ನು ಕಂಡು ಎದ್ದು ನಿಂತಳು, ಮುಖ ಕೆಳಗೆ ಹಾಕಿದಳು. ಪಕ್ಕದಲ್ಲಿ ಅವಳ ಮಗಳು ಹೂ ಪೋಣಿಸುತ್ತಿದ್ದಳು. ಹೇಳಬೇಕೆಂದು ಬಂದದ್ದನ್ನು ಹೇಳದೆ ಮಾಸ್ತರು ಹೂವಿನ ಬೆಲೆ ಕೇಳಿದರು. ಒಂದು ಮೊಳ ಮಲ್ಲಿಗೆ ಕೊಂಡರು. ಅವರ ಮನೆಯಲ್ಲಿ ಹೂ ಮುಡಿಯುವವರು ಯಾರೂ ಇರಲಿಲ್ಲ. ಅದನ್ನು ಹಿಡಿದುಕೊಂಡೇ ಬಯಲಿಗೆ ಬಂದು ಗೂಟಕ್ಕೆ ತೂಗುಹಾಕಿ ಹೋದರು.

ಮರುದಿನ ಬೆಳಿಗ್ಗೆ ದ್ಯಾಮವ್ವ ಬಂದಳು. ಆಟದ ಬೂಟು ಹಾಕಿರಲಿಲ್ಲ. ಕೈಗವಸುಗಳನ್ನು ಒಗೆದು ಒಣಗಿಸಿ ತಂದಿದ್ದಳು. ಕಟ್ಟೆಯ ಮೇಲೆ ಇಟ್ಟಳು.

“ಮಾವ ಬಂದಾನ್ರಿ ಸರ. ಬರೂ ಸೋಮವಾರ ಎಲಿ ಅಡಿಕಿ, ಮದಿವಿ ನಿಶ್ಚಯ.”

ಮಾಸ್ತರು ಕೈಗವಸುಗಳ ಕಡೆ ನೋಡಿದರು.

“ಸರ, ಒಂದು ಕೇಳ್ತೀನಿ. ಹನ್ನೊಂದು ಮಂದಿಗೆ ಅಂದ್ರಿ. ನನಗೊಬ್ಬಾಕಿಗೆ ಯಾಕ ಅನ್ನವಲ್ರಿ? ಅಂದುಬಿಡ್ರಿ. ನನಗ ಗುಂಡಿಗಿ ಇಲ್ಲಂತ ಗೊತ್ತಾದ್ರ ಹೋಗಿ ಸುಮ್ಮನ ಬಾಳೇ ಮಾಡ್ತೀನಿ. ಇಲ್ಲಂದ್ರ ಇರೂತನಕ ಆ ಐದು ಚೆಂಡು ಯಾಕ ಬಿಟ್ಟೆ ಅಂತ ಕೇಳಿಕೋತ ಕುಂಡ್ರಬೇಕು.”

ಮಾಸ್ತರು ಅವಳನ್ನು ನೋಡಿದರು. ಆ ಹಳೆಯ ಮಾತು ಹೇಳಿದರೆ ಅವಳು ಸುಮ್ಮನಾಗುತ್ತಾಳೆ. ನಾಳೆ ತನ್ನ ಮಗಳಿಗೂ ಅದನ್ನೇ ಹೇಳುತ್ತಾಳೆ. ನಿಜ ಹೇಳಿದರೆ, ತನಗೆ ಎಲ್ಲವೂ ಇತ್ತು, ಒಬ್ಬ ಮುದುಕನ ಮೊಣಕಾಲಿಗೆ ಅದೆಲ್ಲ ಹೋಯಿತು ಎಂದು ತಿಳಿದುಕೊಂಡು ಅವಳು ಮಾವನ ಮನೆಗೆ ಹೋಗಬೇಕಾಗುತ್ತದೆ. ಮಾಸ್ತರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬಿಟ್ಟರು.

ಮೊಣಕಾಲು ಲಟಕ್ಕೆಂದಿತು.

ತಲೆ ತಗ್ಗಿಸಿ ನಿಂತಿದ್ದ ಹುಡುಗಿಯ ಬಲಗೈ ತಾನಾಗಿ ಬಲಕ್ಕೆ ಹಾರಿತು. ಅಲ್ಲಿ ಚೆಂಡು ಇರಲಿಲ್ಲ. ಅವಳು ತನ್ನ ಕೈಯನ್ನೇ ನೋಡಿದಳು. ಆಮೇಲೆ ಮಾಸ್ತರನ್ನು ನೋಡಿದಳು.

ಮಾಸ್ತರು ಬಾಯಿ ತೆರೆದರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ತೊಡೆಯ ಮೇಲಿನ ಶಾಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು.

ಶಿಷ್ಯ ತಲೆಯಾಡಿಸಿದ. “ತಿಳಿಯಿತು ಗುರುಗಳೇ” ಎಂದು ಕೈ ಮುಗಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೂತರು. ಅವರ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ.

“ಮಾಸ್ತರು ಅವಳಿಗೆ ಏನು ಹೇಳಿದರೆಂದು ನಾನಿನ್ನೂ ಹೇಳಿಯೇ ಇಲ್ಲ, ನೀನು ಏನು ತಿಳಿದು ತಲೆಯಾಡಿಸಿದೆ?”